ನನಗಿಂತ ಮೊದಲೇ ಹೊಂಚು ಹಾಕಿದ್ದ ಗಿಡುಗ

ನಾನು ಬೇಟೆಗಾರ ಅಂತ ಹೇಳಿಕೊಂಡರೆ ನಮ್ಮೂರವರು ನಗುತ್ತಾರೆ. ಹನ್ನೊಂದು ವರ್ಷದವನಿದ್ದಾಗ ಸೈಕಲ್ ಟ್ಯೂಬ್ ಕತ್ತರಿಸಿ ಮಾಡಿದ ಕ್ಯಾಟರ್‌ಬಿಲ್ಲು ಹಿಡಿದು ಶಿರಹಟ್ಟಿ ಕಡೆಯ ನಮ್ಮ ಹೊಲದಲ್ಲಿ ಬೆಳವದ ಹಕ್ಕಿ ಹೊಡೆಯಲು ಅಲೆದಿದ್ದೇನೆ, ಅಷ್ಟೇ. ಹತ್ತು ಕಲ್ಲು ಬಿಟ್ಟರೆ ಹತ್ತೂ ಜಾಲಿ ಗಿಡಕ್ಕೆ. 1972ರ ವನ್ಯಜೀವಿ ಕಾಯ್ದೆ ಅಂತ ಒಂದಿದೆ, ಹೀಗೆಲ್ಲ ಹೊಡೆಯಬಾರದು ಅಂತ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಕೇಳುವ ವಯಸ್ಸಲ್ಲ ಬಿಡಿ.

ಅವತ್ತು ಸುಗ್ಗಿ ಮುಗಿದಿತ್ತು. ಕೊಯ್ದ ಜೋಳದ ಹೊಲದಲ್ಲಿ ಉದುರಿದ ಕಾಳು ಹೆಕ್ಕುತ್ತಾ ಒಂದು ಬೆಳವ ನನ್ನ ಕಡೆಗೇ ಬರುತ್ತಿತ್ತು. ನಾನು ಬದುವಿನ ಬನ್ನಿ ಗಿಡದ ಬುಡದಲ್ಲಿ ಕೂತಿದ್ದೆ. ರಬ್ಬರ್ ಕಿವಿತನಕ ಎಳೆದು, ಉಸಿರು ಹಿಡಿದು, ಇನ್ನೇನು ಬಿಡಬೇಕು ಅನ್ನುವಷ್ಟರಲ್ಲಿ ನನ್ನ ತಲೆ ಮೇಲಿನ ಕೊಂಬೆಯಿಂದಲೇ ಏನೋ ಬೂದು ಬಣ್ಣದ್ದು ಕಿವಿ ಪಕ್ಕ ಗಾಳಿ ಬೀಸಿಕೊಂಡು ಹೋಯಿತು. ಅಂದರೆ ನಾವಿಬ್ಬರೂ ಒಂದೇ ಗಿಡದಲ್ಲಿ ಕೂತು ಒಂದೇ ಬೆಳವಕ್ಕೆ ಹೊಂಚು ಹಾಕಿದ್ದೆವು! ನನಗೆ ಅದು ಕಂಡಿರಲಿಲ್ಲ. ಅದಕ್ಕೆ ನಾನು ಕಂಡೇ ಇರುತ್ತೇನೆ, ಲೆಕ್ಕಕ್ಕೆ ತಗೊಂಡಿಲ್ಲ ಅಷ್ಟೇ.

ಕಲ್ಲು ಕೈಯಲ್ಲೇ ಉಳಿಯಿತು. ಏಳೆಂಟು ಮಾರು ದೂರದಲ್ಲಿ ಅದು ಬೆಳವದ ಮೇಲೆ ಕೂತು ಎರಡೂ ರೆಕ್ಕೆ ಡೇರೆಯ ಹಾಗೆ ಹರಡಿತ್ತು. ಕೊಕ್ಕಿನಿಂದ ಕುಕ್ಕಲಿಲ್ಲ. ಸುಮ್ನೆ ನಿಂತು ಕಾಲ ಬೆರಳುಗಳನ್ನು ಬಿಗಿ ಮಾಡೋದು, ಸಡಿಲ ಮಾಡೋದು, ಮತ್ತೆ ಬಿಗಿ. ಹಿಟ್ಟು ನಾದಿದ ಹಾಗೆ. ಹಾಗೆ ಹಿಸುಕಿಯೇ ಕೊಲ್ಲುತ್ತದೆ. ನಡುವೆ ಒಮ್ಮೆ ತಲೆ ಎತ್ತಿ ನನ್ನನ್ನು ನೋಡಿತು, ಕಣ್ಣು ಒಲೆಯ ಕೆಂಡ. ಆಮೇಲೆ ಬೆಳವವನ್ನು ಎತ್ತಿಕೊಂಡು, ಭಾರ ಜಾಸ್ತಿ ಆಯ್ತೇನೋ, ನೆಲಕ್ಕೆ ತಾಗುವ ಹಾಗೆ ಹಾರಿ ಆಚೆ ಬದುವಿಗೆ ಹೋಯಿತು. ಪುಕ್ಕ ಮಾತ್ರ ಉಳಿದವು. ನಿಜ ಹೇಳಬೇಕೆಂದರೆ ಬೆರಗಿಗಿಂತ ಸಿಟ್ಟೇ ಬಂದಿತ್ತು, ನನ್ನ ಬೆಳವ ಅಲ್ವಾ ಅದು! ಊರಲ್ಲಿ ಇಂಥವಕ್ಕೆಲ್ಲ ಗಿಡುಗ ಅಂತಲೇ ಹೆಸರು. ಅದು ಶಿಕ್ರಾ, ಪಾರಿವಾಳದಷ್ಟೇ ಗಾತ್ರದ್ದು ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಕ್ಯಾಟರ್‌ಬಿಲ್ಲು ಯಾವಾಗ ಬಿಟ್ಟೆನೋ ನೆನಪಿಲ್ಲ. ಹುಬ್ಬಳ್ಳಿಗೆ ನೌಕರಿಗೆ ಬಂದ ಮೇಲೂ ಎಳ್ಳಮಾವಾಸ್ಯೆಗೆ ಊರಿಗೆ ಹೋಗುತ್ತೇನೆ. ಒಂದು ವರ್ಷ ಭೂತಾಯಿಗೆ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಎಣ್ಣೆಗಾಯಿ ಹಾಕಿಕೊಂಡು ಕೂತಾಗ ಕಡಲೆ ಹೊಲದ ಮೇಲೆ ರಾಮದಾಸ ಹದ್ದು ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುತ್ತಿತ್ತು. ಮೆಟ್ಟಿಲು ಇಳಿದ ಹಾಗೆ ಒಂದೊಂದೇ ಹಂತ ಇಳಿದು, ಬಿದ್ದು, ಖಾಲಿ ಕಾಲಲ್ಲಿ ಎದ್ದಿತು. ನಾವು ಉಂಡು ಮುಗಿಸುವಷ್ಟರಲ್ಲಿ ನಾಲ್ಕು ಸಲ ಬಿತ್ತು, ನಾಲ್ಕೂ ಸಲ ಖಾಲಿ. ನನ್ನ ಕ್ಯಾಟರ್‌ಬಿಲ್ಲಿನ ಲೆಕ್ಕವೇ ನೆನಪಾಯಿತು.

ಮರುದಿನ ನಮ್ಮ ಶಿರಹಟ್ಟಿ ಕಡೆಯದೇ ಆದ ಮಾಗಡಿ ಕೆರೆಗೆ ಹೋದೆ. 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತಲ್ಲ, ಅದೇ ಕೆರೆ. ಎಲ್ಲರೂ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತು ನೋಡಲು ಬರುತ್ತಾರೆ, ನಾನೂ ಅದಕ್ಕೇ ಹೋಗಿದ್ದೆ. ಆದರೆ ಕಣ್ಣು ಹೋಗಿದ್ದು ಕಂದು ಬಣ್ಣದ ಒಂದು ಜೌಗು ಸೆಳೆವದ ಮೇಲೆ, ಅದೂ ಗಿಡುಗದಂಥದೇ ಬೇಟೆ ಹಕ್ಕಿ. ಅದು ನೀರಿನ ಮೇಲೆ ತೀರಾ ಕೆಳಗೆ ಬಂದ ಕೂಡಲೇ ನಾಮದ ಕೋಳಿ ಅನ್ನುವ ನೀರುಹಕ್ಕಿಗಳೆಲ್ಲ ಒತ್ತೊತ್ತಾಗಿ ಒಂದೇ ಕಪ್ಪು ಗುಂಪಾದವು. ಒಂದು ಮಾತ್ರ ಹೊರಗೆ ಉಳಿಯಿತು. ಸೆಳೆವ ಅದರ ಮೇಲೇ ನಿಂತಿತು. ಕೋಳಿ ಮುಳುಗಿತು. ಎದ್ದಲ್ಲೇ ಸೆಳೆವ ಕಾಲು ಇಳಿಬಿಟ್ಟು ಕಾಯುತ್ತಿತ್ತು. ಮತ್ತೆ ಮುಳುಗಿತು. ದಣಿಸಿ ಹಿಡಿಯೋದೇ ಅದರ ದಾರಿ, ಆದರೆ ದಣಿವು ಮೇಲಿನವರಿಗೂ ಇರುತ್ತದಲ್ಲ. ಹದಿಮೂರರ ತನಕ ಎಣಿಸಿದೆ, ಆಮೇಲೆ ಲೆಕ್ಕ ತಪ್ಪಿತು. ಕೊನೆಗೆ ಕೋಳಿ ಆಪು ಹುಲ್ಲಿನೊಳಗೆ ನುಗ್ಗಿ ಮಾಯ.

ಸೆಳೆವ ಬಂದು ನಾನು ಕೂತಿದ್ದ ಏರಿಯ ಮೇಲೇ ಕೂತಿತು, ಹತ್ತು ಹೆಜ್ಜೆ ಆಚೆ. ಕೊಕ್ಕು ತೆರೆದು ತೇಕುತ್ತಿತ್ತು, ಹೊಟ್ಟೆಯ ಪುಕ್ಕ ಒದ್ದೆ. ನಾನು ಅಲುಗಾಡಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಕುರಿ ಹೊಡೆದುಕೊಂಡು ಬಂದ ಅಜ್ಜ ಒಬ್ಬರು ನನ್ನ ಕಡೆ ನೋಡಲೇ ಇಲ್ಲ, ಹಕ್ಕಿಯನ್ನೇ ಕೇಳಿದರು:

"ಏನಪಾ, ಇವತ್ತೂ ಸಿಗಲಿಲ್ಲೇನು?"