ಗುಂಡನಿಗೆ ಹಿಂಸೆ ಆಗಲ್ವಾ?

ಊರಿಗೆ ಫೋನ್ ಮಾಡಿದಾಗಲೆಲ್ಲ ಹಾಸನದ ದೊಡ್ಡಮ್ಮ ನನಗಿಂತ ಮೊದಲು ನನ್ನ ನಾಯಿ ಗುಂಡನ ಕ್ಷೇಮ ವಿಚಾರಿಸುತ್ತಾರೆ. ಅದರ ಬೆನ್ನಿಗೇ ಆಕ್ಷೇಪ: “ಅಲ್ಲ ಕಣೋ, ಆ ಮೂಕಪ್ರಾಣೀನ ಸೊಂಟಕ್ಕೆ ಕಟ್ಕೊಂಡು ಕಾಡು ಮೇಡು ಓಡಿಸ್ತೀಯಲ್ಲ, ಅದಕ್ಕೆ ಹಿಂಸೆ ಆಗಲ್ವೇನೋ?” ಇಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಆಫೀಸಿನವರು ಇದನ್ನೇ ಸ್ವಲ್ಪ ನಯವಾಗಿ ಕೇಳುತ್ತಾರೆ. ವರ್ಷಗಟ್ಟಲೆ ನಾನು ಕೊಡುತ್ತಿದ್ದ ಉತ್ತರ, “ಇಲ್ಲಪ್ಪ, ಅವನಿಗೆ ಅದೇ ಖುಷಿ.” ಅದು ಸುಳ್ಳಲ್ಲ. ಆದರೆ ಉತ್ತರವೂ ಅಲ್ಲ ಅಂತ ಗೊತ್ತಾಗಲು ನನಗೊಂದು ಪೆಟ್ಟು ಬೇಕಾಯಿತು.

ತಳಿಯಲ್ಲಿ ಗುಂಡ ಅರ್ಧ ಕೋಲಿ, ಅರ್ಧ ಪಾಯಿಂಟರ್. ಜನ ಬೇಡವೆಂದು ಬಿಟ್ಟುಹೋದ ನಾಯಿಗಳನ್ನು ಸಾಕುವ ಕೇಂದ್ರದಿಂದ ಎರಡು ವರ್ಷದವನಿದ್ದಾಗ ತಂದೆ. ಪಕ್ಕದ ಮನೆಯ ಅಜ್ಜ ಅವನನ್ನು ‘ಗೂಂಡಾ’ ಅಂತಲೇ ಕರೆಯುವುದು. ತಿದ್ದಲು ಹೋಗಿಲ್ಲ, ಮೊದಲ ತಿಂಗಳು ಅವನು ನಮ್ಮ ಸೋಫಾಕ್ಕೆ ಮಾಡಿದ್ದು ನೋಡಿದರೆ ಆ ಹೆಸರೇ ಸರಿ. ದಿನಕ್ಕೆ ಎರಡು ಸಲ ವಾಕಿಂಗ್ ಮಾಡಿಸಿದರೂ ಅವನ ಮೈಯ ಕಾವು ಇಳಿಯುತ್ತಿರಲಿಲ್ಲ. ಆಗ ಯಾರೋ ಹೇಳಿದ್ದು ಕ್ಯಾನಿಕ್ರಾಸ್, ಅಂದರೆ ನಾಯಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಓಡುವ ಆಟ.

ಹಿಮದಲ್ಲಿ ಸ್ಲೆಡ್ ಎಂಬ ಜಾರುಬಂಡಿ ಎಳೆಯುವ ನಾಯಿಗಳಿಗೆ ಹಿಮ ಇಲ್ಲದ ಕಾಲದಲ್ಲೂ ತಾಲೀಮು ತಪ್ಪಬಾರದಲ್ಲ, ಅದಕ್ಕೆ ಅವುಗಳ ಜೊತೆ ಮಾಲೀಕರೇ ಓಡತೊಡಗಿದರು. ಈ ಆಟದ ಒಂದು ಬೇರು ಅಲ್ಲಿದೆ. ಬ್ರಿಟನ್ನಿನಲ್ಲಂತೂ ಹಿಮವನ್ನು ನಂಬಿ ಕೂರುವಂತಿಲ್ಲ. ಸ್ಕಾಟ್ಲೆಂಡಿನ ಅವೀಮೋರ್ ಹತ್ತಿರ 1984ರಿಂದ ಹಸ್ಕಿ ನಾಯಿಗಳ ರ‍್ಯಾಲಿ ನಡೆಯುತ್ತಾ ಬಂದಿದೆ, ಅದೂ ನಡುಚಳಿಗಾಲದಲ್ಲಿ. ಅಲ್ಲಿಯೂ ಎಷ್ಟೋ ವರ್ಷ ಸ್ಲೆಡ್ಡಿನ ಬದಲು ಚಕ್ರದ ಗಾಡಿಯೇ ಗತಿ. ಕ್ಯಾನಿಕ್ರಾಸ್‌ಗೆ ಗಾಡಿಯೂ ಬೇಡ. ಓಡುವವನ ಸೊಂಟದ ಕೆಳಗೆ ಅಗಲದ ಪಟ್ಟಿ, ನಾಯಿಯ ಮೈಗೆ ಹಾರ್ನೆಸ್ ಎಂಬ ಎದೆಪಟ್ಟಿ, ನಡುವೆ ಎಳೆದರೆ ಹಿಗ್ಗುವ ಸುಮಾರು ಎರಡು ಮೀಟರ್ ಹಗ್ಗ. ಕೊರಳಪಟ್ಟಿಗೆ ಹಗ್ಗ ಕಟ್ಟುವಂತಿಲ್ಲ. ಎತ್ತಿನ ಭಾರ ಕುತ್ತಿಗೆಯ ಮೇಲಿನ ನೊಗಕ್ಕೆ ಬೀಳುತ್ತದೆ. ಇಲ್ಲಿ ಭಾರವೆಲ್ಲ ನಾಯಿಯ ಎದೆಗೂಡಿಗೆ, ಉಸಿರಿನ ದಾರಿಗೆ ಒತ್ತು ಬೀಳುವುದಿಲ್ಲ. ಕೈ ಎರಡೂ ಖಾಲಿ. ಗುಂಡನನ್ನು ತಿರುಗಿಸಲು ನನ್ನ ಬಳಿ ಇರುವುದು ಬಾಯಿ ಮಾತ್ರ.

ಆ ಬಾಯಿಯದ್ದೇ ಒಂದು ಕತೆ. ಕನ್ನಡದಲ್ಲೇ ಕಲಿಸುತ್ತೇನೆಂದು ಹಟ ಹಿಡಿದೆ. ‘ಎಡಕ್ಕೆ’, ‘ಬಲಕ್ಕೆ’ ಎರಡೂ ‘ಕ್ಕೆ’ಯಲ್ಲಿ ಮುಗಿಯುತ್ತವೆ. ಓಟದ ಭರದಲ್ಲಿ ಗುಂಡನ ಕಿವಿಗೆ ಆ ಕೊನೆಯ ಸದ್ದು ಮಾತ್ರ ಬಿದ್ದು, ತನಗೆ ತೋಚಿದ ಕಡೆ ನುಗ್ಗುತ್ತಿದ್ದ. ಕೊನೆಗೆ ಸೋತು ಸ್ಲೆಡ್ ಓಡಿಸುವವರ ಪದಗಳಿಗೇ ಶರಣಾದೆ: ಬಲಕ್ಕೆ ‘ಜೀ’, ಎಡಕ್ಕೆ ‘ಹಾ’. ಎರಡೇ ವಾರದಲ್ಲಿ ಕಲಿತ. ಒಂದು ಸಂಜೆ ಅವನನ್ನು ನಡೆಸಿಕೊಂಡು ಹೋಗುತ್ತಾ ಅಮ್ಮನ ಜೊತೆ ಫೋನಿನಲ್ಲಿದ್ದೆ. ಅಮ್ಮ ಮದುವೆ ಮನೆಯ ಸುದ್ದಿ ಹೇಳುತ್ತಿದ್ದಳು, ನಾನು “ಹಾ... ಹಾ...” ಅಂತ ಹೂಂಗುಟ್ಟುತ್ತಿದ್ದೆ. ಗುಂಡ ಒಂದೊಂದು ‘ಹಾ’ಗೂ ಎಡಕ್ಕೆ ತಿರುಗಿ, ಯಾರದೋ ಗೇಟು, ಆಮೇಲೆ ಬೇಲಿ, ಆಮೇಲೆ ಮುಳ್ಳುಪೊದೆ. ಈಗ ಅಮ್ಮನಿಗೆ ‘ಹೂಂ’ ಮಾತ್ರ.

ಇನ್ನು ಹಿಂಸೆಯ ವಿಷಯ. ಮೊದಲ ರೇಸು ಶರ್ವುಡ್ ಪೈನ್ಸ್ ಅರಣ್ಯದಲ್ಲಿ, ಸುಮಾರು 5 ಕಿ.ಮೀ. ಕಾರು ನಿಲ್ಲಿಸಿ ಬಾಗಿಲು ತೆಗೆದರೆ ಸಂತೆಯ ಗದ್ದಲ, ಎಲ್ಲವೂ ನಾಯಿಗಳದ್ದೇ. ಗುಂಪಾಗಿ ಬಿಟ್ಟರೆ ಹಗ್ಗಗಳು ಹೆಣೆದುಕೊಂಡು ಜಗಳವಾಗುತ್ತದೆಂದು ಒಬ್ಬಿಬ್ಬರನ್ನೇ ಕೆಲವು ಸೆಕೆಂಡುಗಳ ಅಂತರದಲ್ಲಿ ಬಿಡುತ್ತಾರೆ. ಸರದಿ ಬರುವವರೆಗೆ ಗುಂಡ ಕೂಗಿದ ಕೂಗು ನನ್ನ ಕಿವಿಯಲ್ಲಿ ಇನ್ನೂ ಇದೆ. ನಾನು ಓಡಿದ ಕಡೆಯಲ್ಲೆಲ್ಲ ಒಂದು ನಿಯಮ ಕಟ್ಟುನಿಟ್ಟು: ಮನುಷ್ಯ ನಾಯಿಯನ್ನು ಎಳೆಯಕೂಡದು. ನಾಯಿ ಮುಂದಿರಬೇಕು, ಇಲ್ಲವೇ ಪಕ್ಕದಲ್ಲಿ. ಅದು ನಿಂತು ಹುಲ್ಲು ಮೂಸಿದರೆ ನೀವೂ ನಿಲ್ಲಬೇಕು. ಎಳೆದುಕೊಂಡು ಹೋದರೆ ಆಟದಿಂದ ಹೊರಗೆ. ವರ್ಷ ತುಂಬದ ಮರಿಗೆ ಪ್ರವೇಶವೇ ಇಲ್ಲ, ಬೆಳೆಯುವ ಮೂಳೆ ಕೀಲುಗಳಿಗೆ ಪೆಟ್ಟು ಎಂಬ ಕಾರಣಕ್ಕೆ. ಆ ದಿನ ಗುಂಡ ಎರಡು ಸಲ ಕಾಲೆತ್ತಲು ನಿಂತ, ಒಂದು ಸಲ ಹೊಂಡದಲ್ಲಿ ಹೊರಳಿದ. ನಾನು ಮೂರು ಸಲ ಬಿದ್ದೆ. ಹಿಂಸೆಯ ಪಾಲು ಯಾರಿಗೆ ಹೆಚ್ಚು ಎಂದು ಆಗ ಕೇಳಿದ್ದರೆ ಮೊಣಕಾಲು ತೋರಿಸುತ್ತಿದ್ದೆ.

ಹಗ್ಗ ಬಿಗಿಯಾಗಿದ್ದರೆ ನಾಯಿಗೆ ಓಡುವ ಮನಸ್ಸಿದೆ, ಜೋಲುಬಿದ್ದರೆ ಸಾಕಾಗಿದೆ. ಈ ಲೆಕ್ಕವನ್ನೇ ನಂಬಿಕೊಂಡಿದ್ದೆ. ಮೂರನೆಯ ವರ್ಷದ ಮೇ ತಿಂಗಳಲ್ಲಿ, ರೇಸೂ ಅಲ್ಲ, ಮನೆ ಹತ್ತಿರದ ಗುಡ್ಡದಲ್ಲಿ ಬರೀ ಅಭ್ಯಾಸ. ಬೆಳಗಿನ ಹತ್ತು ಗಂಟೆ, 19 ಡಿಗ್ರಿ. ಹಾಸನದಲ್ಲಾದರೆ ಅಮ್ಮ ಸ್ವೆಟರ್ ಹುಡುಕುವ ಹವೆ. ಹಗ್ಗ ಕೊನೆಯವರೆಗೂ ತಂತಿಯಂತೆ ಬಿಗಿಯಾಗಿತ್ತು. ನಾಲ್ಕನೇ ಕಿಲೋಮೀಟರಿನಲ್ಲಿ ಗುಂಡನ ಹಿಂಗಾಲು ತಡವರಿಸಿತು. ನಾಲಿಗೆ ಒಂದು ಕಡೆಗೆ ಜೋತು, ತುದಿ ಸೌಟಿನಂತೆ ಅಗಲವಾಗಿತ್ತು. ಹಾಗೇ ದಾರಿಯಲ್ಲೇ ಮಲಗಿಬಿಟ್ಟ. ಪುಣ್ಯಕ್ಕೆ ಪಕ್ಕದಲ್ಲೇ ತೊರೆ. ಹೊತ್ತುಕೊಂಡು ಹೋಗಿ ನೀರಲ್ಲಿ ಇಳಿಸಿ, ಬೊಗಸೆ ಬೊಗಸೆ ಮೈಮೇಲೆ ಸುರಿದೆ. ಏದುಸಿರು ತಗ್ಗಿದ ಮೇಲೆ ನೇರ ಡಾಕ್ಟರ ಬಳಿಗೆ. ಬದುಕಿದ.

ನಮ್ಮ ಹಾಗೆ ನಾಯಿ ಮೈತುಂಬ ಬೆವರುವುದಿಲ್ಲ. ಒಳಗಿನ ಕಾವು ಹೊರಹೋಗಲು ಬಹುಪಾಲು ನಾಲಿಗೆ, ಉಸಿರೇ ದಾರಿ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅದೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಓಡುವಾಗ ಸ್ನಾಯುಗಳು ಒಳಗಿಂದಲೇ ಒಲೆ ಹಚ್ಚುತ್ತವೆ. ನಾಟಿಂಗ್‌ಹ್ಯಾಮ್ ಟ್ರೆಂಟ್ ವಿಶ್ವವಿದ್ಯಾಲಯ ಮತ್ತು ರಾಯಲ್ ವೆಟರ್ನರಿ ಕಾಲೇಜಿನವರು 2020ರಲ್ಲಿ ಪ್ರಕಟಿಸಿದ ಅಧ್ಯಯನ ಓದಿ ನಾಚಿಕೆಯಾಯಿತು. ಬ್ರಿಟನ್ನಿನಲ್ಲಿ ಮೈಯ ಕಾವು ಏರಿ ಕಾಯಿಲೆ ಬಿದ್ದ ನಾಯಿಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಕಾರಣ ವ್ಯಾಯಾಮ. ಬಿಸಿಲಲ್ಲಿ ಕಾರಿನೊಳಗೆ ಬಿಟ್ಟು ಹೋಗಿದ್ದರಿಂದ ಆದದ್ದು ಅದಕ್ಕಿಂತ ಎಷ್ಟೋ ಕಡಿಮೆ. ಕಾರಿನಲ್ಲಿ ನಾಯಿ ಬಿಟ್ಟವರನ್ನು ಕಂಡರೆ ಬೈಯುವ ಗುಂಪಿನವನು ನಾನು.

ಹಾಗಾಗಿ ದೊಡ್ಡಮ್ಮನಿಗೆ ಈಗ ಬೇರೆ ಉತ್ತರ ಕೊಡುತ್ತೇನೆ. ಹೌದು, ಹಿಂಸೆ ಆಗಬಹುದು, ಅದೂ ಅವನಿಗೆ ಖುಷಿ ಇರುವುದರಿಂದಲೇ. ಓಡಲು ಇಷ್ಟವಿಲ್ಲದ ನಾಯಿ ಮಲಗಿಕೊಂಡು ತನ್ನನ್ನು ಕಾಪಾಡಿಕೊಳ್ಳುತ್ತದೆ. ಗುಂಡನಂಥವನಿಗೆ ಸಾಕು ಎನ್ನುವುದೇ ಗೊತ್ತಿಲ್ಲ, ಆ ಮಾತು ನಾನು ಹೇಳಬೇಕು. ಇಲ್ಲಿನ ರೇಸುಗಳು ಹೆಚ್ಚಾಗಿ ಅಕ್ಟೋಬರಿನಿಂದ ಮಾರ್ಚಿನವರೆಗೆ ಇರುವುದು ಈ ಕಾವಿನ ಭಯಕ್ಕೇ. ನಾನು ಏಪ್ರಿಲ್ ಬಂತೆಂದರೆ ಸೊಂಟದ ಪಟ್ಟಿ ಎತ್ತಿಡುತ್ತೇನೆ. ಓಟಕ್ಕೆ ಮೂರು ಗಂಟೆ ಮೊದಲು ಊಟ ನಿಲ್ಲಿಸುತ್ತೇನೆ, ಹೊಟ್ಟೆ ತುಂಬಿ ಓಡಿದರೆ ಹೊಟ್ಟೆಯುಬ್ಬರದ ಭಯ.

ಇಷ್ಟು ಹೇಳಿದ ಮೇಲೆ ದೊಡ್ಡಮ್ಮನಿಗೂ ಒಂದು ಮಾತು ಕೇಳಿದೆ. ಅವರ ಮನೆಯ ಹಿತ್ತಲಲ್ಲಿ ಹಲಸಿನ ಮರಕ್ಕೆ ಹಗಲಿಡೀ ಸರಪಳಿಯಲ್ಲಿ ಕಟ್ಟಿರುತ್ತಿದ್ದ ನಾಯಿ ರಾಜನ ಬಗ್ಗೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ಬೇರೆ ಕಣೋ” ಅಂದರು. ಹೇಗೆ ಬೇರೆ ಅಂತ ಇಬ್ಬರೂ ಮುಂದುವರಿಸಲಿಲ್ಲ.

ಬೆಂಗಳೂರಿನ ಗೆಳೆಯರದ್ದು ಇನ್ನೊಂದು ಉಪಪ್ರಶ್ನೆ: ನಮ್ಮ ಮುಧೋಳ ನಾಯಿ ತಂದರೆ ನೀವೆಲ್ಲ ಧೂಳು ತಿನ್ನಬೇಕಾಗುತ್ತೆ, ಅಲ್ವಾ? ವೇಗದಲ್ಲಿ ಹೌದು. ಆದರೆ ಅದು ಕಣ್ಣಿಗೆ ಬಿದ್ದದ್ದನ್ನು ಅಟ್ಟಿ ಹಿಡಿಯುವ ಬೇಟೆನಾಯಿ. ದಾರಿಯಲ್ಲಿ ಮೊಲ ಕಂಡರೆ ‘ಜೀ’ಯೂ ಇಲ್ಲ ‘ಹಾ’ವೂ ಇಲ್ಲ, ಸೊಂಟಕ್ಕೆ ಕಟ್ಟಿಕೊಂಡ ನಿಮ್ಮ ಗತಿ ನೀವೇ ಊಹಿಸಿ. ಅಲ್ಲಿ ಓಡುವುದಾದರೆ ಡಿಸೆಂಬರ್, ಜನವರಿಯ ನಸುಕಿನಲ್ಲಿ ಮಣ್ಣುದಾರಿಯಲ್ಲಿ ಓಡಿ. ಡಾಂಬರಿನ ಮೇಲೆ ಬೇಡ, ಬಿಸಿಲೇರಿದರೆ ಪಾದ ಸುಡುತ್ತದೆ.

ಗುಂಡನಿಗೆ ಈಗ ಒಂಬತ್ತು. ಗಡ್ಡ ಬೆಳ್ಳಗಾಗಿದೆ. ಕಳೆದ ಫೆಬ್ರವರಿಯಲ್ಲಿ ಚಿಕ್ಕ ಓಟಕ್ಕೆ ಹೆಸರು ಕೊಟ್ಟಿದ್ದೆ, 3 ಕಿ.ಮೀ. ಸರದಿಯಲ್ಲಿ ಅದೇ ಕೂಗು, ಬಿಟ್ಟ ತಕ್ಷಣ ಅದೇ ನೆಗೆತ. ಎರಡನೇ ಕಿಲೋಮೀಟರಿನ ಏರಿನಲ್ಲಿ ಹಗ್ಗ ಜೋಲುಬಿತ್ತು. ಅವನು ಹಿಂತಿರುಗಿ ನನ್ನ ಮುಖ ನೋಡಿದ. ಪಟ್ಟಿಯ ಕೊಂಡಿ ಬಿಚ್ಚಿ, ಹಗ್ಗ ಕೈಯಲ್ಲಿ ಹಿಡಿದು ನಡೆಯತೊಡಗಿದೆ. ನಮ್ಮ ಹಿಂದೆ ಬಿಟ್ಟವರೆಲ್ಲ “ಆನ್ ಬೈ”, ಅಂದರೆ ನಿಲ್ಲದೆ ದಾಟು, ಅಂತ ತಮ್ಮ ನಾಯಿಗಳಿಗೆ ಕೂಗುತ್ತಾ ದಾಟಿ ಹೋದರು. ಗುಂಡ ಒಂದೊಂದು ಮರವನ್ನೂ ನಿಧಾನಕ್ಕೆ ಮೂಸುತ್ತಾ ಬಂದ. ನಾವು ಮುಗಿಸುವ ಹೊತ್ತಿಗೆ ಗಡಿಯ ಬಾವುಟಗಳನ್ನು ಕೀಳುತ್ತಿದ್ದರು.