ಅಂಚಿನಲ್ಲಿದ್ದ ಒಂದು ಪ್ರಶ್ನೆ

ಇಂದು ಹಳೆಯ ನೋಟ್‌ಬುಕ್ಕೊಂದನ್ನು ತೆರೆದಾಗ, ಉಪನ್ಯಾಸಕರ ಮಾತನ್ನು ಒಂದಕ್ಷರವೂ ಬಿಡದೆ ಬರೆದುಕೊಂಡಿದ್ದ ಮೂರು ಪುಟಗಳು ಬೇರೆ ಯಾರೋ ಬರೆದವುಗಳಂತೆ ತೋರಿದವು. ಆದರೆ ನಾಲ್ಕನೆಯ ಪುಟದ ಅಂಚಿನಲ್ಲಿ ಬಾಣದ ಗುರುತು ಹಾಕಿ ‘ಇದು ಹೇಗೆ?’ ಎಂದು ಗೀಚಿದ್ದನ್ನು ಕಂಡೊಡನೆ ಆ ದಿನದ ವಿವರಣೆಯೆಲ್ಲ ಮರಳಿ ನೆನಪಾಯಿತು.

ಆ ಮೂರು ಪುಟಗಳನ್ನು ಬರೆದದ್ದು ಕೈ ಮಾತ್ರ. (ಅಕ್ಷರಗಳೇನೋ ಮುತ್ತಿನಂತಿವೆ.)

ಕಾರ್ನೆಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಾಲ್ಟರ್ ಪಾಕ್ ರೂಪಿಸಿದ, ಟಿಪ್ಪಣಿ ಬರೆದುಕೊಳ್ಳುವ ಕ್ರಮದಲ್ಲಿ ಹಾಳೆಯ ಎಡಬದಿಯ ಸುಮಾರು 2.5 ಇಂಚನ್ನು ಇಂತಹ ಪ್ರಶ್ನೆಗಳಿಗೆಂದೇ ಖಾಲಿ ಬಿಡಲಾಗುತ್ತದೆ. ತರಗತಿ ಮುಗಿದ ಮೇಲೆ ಅಲ್ಲಿ ಪ್ರಶ್ನೆಗಳನ್ನು ಬರೆದು, ಬಲಬದಿಯನ್ನು ಮುಚ್ಚಿಕೊಂಡು, ಉತ್ತರವನ್ನು ತಾನೇ ಹೇಳಿಕೊಳ್ಳಬೇಕು. ನಾಳೆಯ ತರಗತಿಗೆಂದು ಈಗಲೇ ಹತ್ತು ಹಾಳೆಗಳಿಗೆ ಗೆರೆ ಎಳೆದಿಟ್ಟಿದ್ದೇನೆ.