ಡಡ್ಲಿಗೆ ರೈಲಿಲ್ಲ

"ಇನ್ನೇನು ಉಳೀತು ಹೇಳಣ್ಣ" ಅಂತ ತಂಗಿ ಕೇಳಿದಳು. ಬರ್ಮಿಂಗ್‌ಹ್ಯಾಮಿನ ಅವಳ ಮನೆಗೆ ಹೋಗಿ ಎರಡು ವಾರ ಆಗಿತ್ತು. ಲಂಡನ್ ಮುಗಿದಿತ್ತು. ಶೇಕ್ಸ್‌ಪಿಯರ್ ಹುಟ್ಟಿದ ಮನೆಯೂ ಮುಗಿದಿತ್ತು.

"ಡಡ್ಲಿ" ಅಂದೆ.

"ಅಲ್ಲೇನಿದೆ? ಝೂ ನೋಡ್ತೀಯಾ?"

"ಝೂ ಅಲ್ಲ. ಸ್ಮಶಾನ."

ಅವಳು ಇನ್ನೊಂದು ಮಾತಾಡದೆ ಡಬ್ಬಿಗೆ ಚಿತ್ರಾನ್ನ ತುಂಬಿಸಿದಳು. ಹನ್ನೆರಡು ವರ್ಷದ ಮಗನನ್ನೂ ಜೊತೆಗೆ ಕಳಿಸಿದಳು. ಅವನಿಗೆ ಫುಟ್‌ಬಾಲ್ ಹುಚ್ಚು. ದಾರಿ ತೋರಿಸೋಕೆ ಅವನು, ಕತೆ ಹೇಳೋಕೆ ನಾನು.

ಡಡ್ಲಿಗೆ ರೈಲಿಲ್ಲ. 1964ರಲ್ಲಿ ಊರಿನ ಸ್ಟೇಷನ್ ಮುಚ್ಚಿದರು. ಹಾಗಾಗಿ ಬಸ್ಸು. ಡಬಲ್ ಡೆಕ್ಕರಿನ ಮೇಲಿನ ಮುಂದಿನ ಸೀಟು ಸಿಕ್ಕಿತು. ಅಲ್ಲಿ ಕೂತರೆ ಐವತ್ತು ದಾಟಿದವನಿಗೂ ಹುಡುಗಾಟ ಬರುತ್ತೆ. ದಾರಿಯುದ್ದಕ್ಕೂ ಕೆಂಪು ಇಟ್ಟಿಗೆ ಮನೆಗಳು, ಕಾಲುವೆಗಳು, ಗೋದಾಮುಗಳು. ಕಲ್ಲಿದ್ದಲು, ಕುಲುಮೆ, ಹೊಗೆ ಇದ್ದ ಸೀಮೆ ಇದು. ಇವತ್ತಿಗೂ ಬ್ಲ್ಯಾಕ್ ಕಂಟ್ರಿ ಅಂತಲೇ ಕರೀತಾರೆ.

"ಯಾರು ಮಾವ ಇವನು, ಡಂಕನ್ ಎಡ್ವರ್ಡ್ಸ್?" ಅಂತ ಹುಡುಗ ಶುರು ಮಾಡಿದ. ಮೊಬೈಲ್ ಆಗಲೇ ಕೈಯಲ್ಲಿತ್ತು. "ಇವನ ವಿಡಿಯೋ ಜಾಸ್ತಿ ಏನೂ ಇಲ್ವಲ್ಲ. ಎಲ್ಲ ಕಪ್ಪು ಬಿಳುಪು, ಮಸುಕು ಮಸುಕು."

ತೊಂದರೆ ಇರೋದೇ ಅಲ್ಲಿ. ಮೆಸ್ಸಿಯ ಒಂದೊಂದು ಗೋಲನ್ನೂ ಹತ್ತು ಕಡೆಯಿಂದ ನೋಡಿ ಬೆಳೆದ ಹುಡುಗ. ಅವನಿಗೆ ಬರೀ ಬಾಯಿಮಾತಲ್ಲಿ ಒಬ್ಬ ಆಟಗಾರನನ್ನು ಎಬ್ಬಿಸಿ ನಿಲ್ಲಿಸೋದು ಹೇಗೆ? ನನಗೆ ಗೊತ್ತಿದ್ದಷ್ಟು ಹೇಳಿದೆ. ಹುಟ್ಟಿದ್ದು 1936ರ ಅಕ್ಟೋಬರ್ 1, ಡಡ್ಲಿಯಲ್ಲಿ. ಮ್ಯಾಂಚೆಸ್ಟರ್ ಯುನೈಟೆಡ್ ಪರ ಮೊದಲ ಲೀಗ್ ಪಂದ್ಯ ಆಡಿದಾಗ ಹದಿನಾರು ವರ್ಷ ಆರು ತಿಂಗಳು. ಇಂಗ್ಲೆಂಡ್ ಪರ ಆಡಿದಾಗ ಹದಿನೆಂಟು. 1955ರ ಏಪ್ರಿಲ್‌ನ ಆ ಪಂದ್ಯದಲ್ಲಿ ಸ್ಕಾಟ್ಲೆಂಡ್ ಮೇಲೆ 7-2 ಗೆಲುವು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಷ್ಟು ಚಿಕ್ಕ ವಯಸ್ಸಲ್ಲಿ ಇಂಗ್ಲೆಂಡಿಗೆ ಆಡಿದ ಇನ್ನೊಬ್ಬ ಬರೋಕೆ 1998ರ ತನಕ ಕಾಯಬೇಕಾಯ್ತು. ಅವನೇ ಮೈಕೆಲ್ ಓವೆನ್. "ಓವೆನ್ ಗೊತ್ತು" ಅಂದ ಹುಡುಗ. ಸದ್ಯ, ಒಂದು ಹಗ್ಗ ಸಿಕ್ಕಿತು.

ನಾನು ಮಾತಲ್ಲಿ ಮುಳುಗಿ ಒಂದು ಸ್ಟಾಪ್ ಮೊದಲೇ ಇಳಿಸಿಬಿಟ್ಟೆ. ಗುಡ್ಡ ಹತ್ತೋ ಹಾಗಾಯ್ತು. ಮೇಲೆ ಮುರಿದ ಗೋಡೆಯ ಹಳೇ ಕೋಟೆ, ಅದರ ಸುತ್ತಲೇ ತಂಗಿ ಹೇಳಿದ ಝೂ. ಹುಡುಗ ಆಸೆಯಿಂದ ಆ ಕಡೆ ನೋಡಿದ. ನಾನು ನೋಡದ ಹಾಗೆ ನಡೆದೆ.

ಪೇಟೆ ನಡುವೆ ಡಂಕನ್ ಇದ್ದಾನೆ. ಕಂಚಿನ ಪ್ರತಿಮೆ, ಚೆಂಡು ಒದೆಯುವ ಭಂಗಿ. ಮಾಡಿದವರು ಜೇಮ್ಸ್ ಬಟ್ಲರ್. 1999ರಲ್ಲಿ ಡಂಕನ್‌ನ ತಾಯಿ ಸಾರಾ ಮತ್ತು ಯುನೈಟೆಡ್‌ನಲ್ಲಿ ಅವನ ಜೊತೆ ಆಡಿದ ಬಾಬಿ ಚಾರ್ಲ್ಟನ್ ಸೇರಿ ಅನಾವರಣ ಮಾಡಿದ್ದು. ಪ್ರತಿಮೆಯಲ್ಲಿ ನಾನು ನೋಡಿದ್ದು ತೊಡೆ. ಸುಮ್ನೆ ಹೇಳ್ತಿಲ್ಲ, ಮರದ ಬೊಡ್ಡೆ ಥರ ಇದೆ. ಹದಿಹರೆಯದಲ್ಲೇ ಎಂಬತ್ತು ಕಿಲೋ ಆಸುಪಾಸು ತೂಗುತ್ತಿದ್ದವನು. 1956ರಲ್ಲಿ ಬರ್ಲಿನ್‌ನಲ್ಲಿ ಪಶ್ಚಿಮ ಜರ್ಮನಿ ಮೇಲೆ ಅವನು ಹೊಡೆದ ಗೋಲು ನೋಡಿ ಅಲ್ಲಿಯವರು 'ಬೂಮ್ ಬೂಮ್' ಅಂತ ಹೆಸರಿಟ್ಟರು, ಫಿರಂಗಿ ಸದ್ದು ಕೇಳಿದ ಹಾಗೆ. ಅವನ ಜಾಗ ಲೆಫ್ಟ್ ಹಾಫ್. ಅಂದರೆ ಎದುರಾಳಿಯಿಂದ ಚೆಂಡು ಕಿತ್ತುಕೊಂಡು ಮುಂದಿನವರಿಗೆ ತಲುಪಿಸೋದು ಮುಖ್ಯ ಕೆಲಸ. ಆದರೆ ತಂಡಕ್ಕೆ ಬೇಕು ಅಂದರೆ ಹಿಂದೆಯೂ ಆಡ್ತಿದ್ದ, ಮುಂದೆ ಹೋಗಿ ಗೋಲೂ ಹೊಡೀತಿದ್ದ. ತನಗಿಂತ ಇವನು ದೊಡ್ಡವನು ಅಂತ ಅನ್ನಿಸಿದ್ದು ಇವನೊಬ್ಬನನ್ನು ನೋಡಿದಾಗ ಮಾತ್ರ ಅಂತ ಚಾರ್ಲ್ಟನ್ ಕೊನೆವರೆಗೂ ಹೇಳ್ತಿದ್ದರು. ಪೆಲೆಯನ್ನು ಕಣ್ಣಾರೆ ಕಂಡವರು ಅವರು!

ಪ್ರತಿಮೆ ಸುತ್ತ ತರಕಾರಿ, ಬಟ್ಟೆ, ಹೂವಿನ ಅಂಗಡಿಗಳು. ಒಂದು ಕಟ್ಟು ಹಳದಿ ಡ್ಯಾಫೋಡಿಲ್ ಕೊಂಡೆವು. ಈ ಸೀಮೆಯ ಕಿತ್ತಳೆ ಬಣ್ಣದ ಚಿಪ್ಸನ್ನೂ ತಿಂದೆವು. ಆಲೂಗಡ್ಡೆ ತುಂಡುಗಳನ್ನು ಹಿಟ್ಟಲ್ಲಿ ಅದ್ದಿ ಕರೀತಾರೆ. ಅಂದರೆ ನಮ್ಮ ಆಲೂ ಬಜ್ಜಿಯ ದೂರದ ನೆಂಟ. ಖಾರ ಮಾತ್ರ ಇಲ್ಲ.

ಅಲ್ಲಿಂದ ಪ್ರಯರಿ ಬಡಾವಣೆಗೆ. ಎಲ್ಮ್ ರಸ್ತೆ, ಲಾರೆಲ್ ರಸ್ತೆ, ಹೀಗೆ ಮರಗಿಡಗಳ ಹೆಸರು. ನಗರಸಭೆ ಕಟ್ಟಿಸಿದ ಒಂದೇ ಅಚ್ಚಿನ ಮನೆಗಳು. ಎಲ್ಮ್ ರಸ್ತೆಯಲ್ಲಿ ಅವನು ಬೆಳೆದದ್ದು. ಅಪ್ಪ ಗ್ಲ್ಯಾಡ್‌ಸ್ಟನ್ ಕಬ್ಬಿಣದ ಕಾರ್ಖಾನೆ ಕೆಲಸಗಾರ. ಜನ ಇರೋ ಮನೆ, ನಿಂತು ಇಣುಕೋದು ಸರಿಯಲ್ಲ. ಸುಮ್ಮನೆ ಬೀದಿ ದಾಟಿದೆವು.

ಇಲ್ಲಿ ಹುಡುಗನಿಗೆ ಇಷ್ಟವಾಗೋ ಒಂದು ಕತೆ ಇತ್ತು. ಡಂಕನ್ ಶಾಲೆಯಲ್ಲಿ ಮಾರಿಸ್ ಕುಣಿತದಲ್ಲೂ ಮುಂದು. ಕಾಲಿಗೆ ಗೆಜ್ಜೆ ಕಟ್ಟಿ, ಕೋಲೋ ಕರವಸ್ತ್ರವೋ ಹಿಡಿದು ಕುಣಿಯುವ ಅಲ್ಲಿನ ಜಾನಪದ. ನಮ್ಮ ಕೋಲಾಟ ನೆನಪಾಗುತ್ತೆ ಅಲ್ವಾ? ದೇಶಮಟ್ಟದ ಕುಣಿತದ ಉತ್ಸವಕ್ಕೆ ಅವನ ಆಯ್ಕೆ ಆಯ್ತು. ಅದೇ ಹೊತ್ತಿಗೆ ಇಂಗ್ಲೆಂಡ್ ಶಾಲಾ ತಂಡದ ಆಯ್ಕೆ ಪಂದ್ಯಕ್ಕೂ ಕರೆ ಬಂತು. ಚೆಂಡು ಗೆದ್ದಿತು. ಆ ದೊಡ್ಡ ದೇಹ ಅಷ್ಟು ಹಗುರಾಗಿ ತಿರುಗುತ್ತಿದ್ದುದಕ್ಕೆ ಗೆಜ್ಜೆಯ ಪಾಲೂ ಇರಬಹುದು ಅಂತ ನನ್ನ ಊಹೆ.

ಪಕ್ಕದ ವೂಲ್ವರ್‌ಹ್ಯಾಂಪ್ಟನ್ನಿನಲ್ಲೇ ದೊಡ್ಡ ಕ್ಲಬ್ ಇತ್ತು, ವೂಲ್ವ್ಸ್. ಮನೆ ಬಾಗಿಲಲ್ಲಿದ್ದ ಹುಡುಗ ಕೈತಪ್ಪಿ ಮ್ಯಾಂಚೆಸ್ಟರಿಗೆ ಹೋದ. 1952ರಲ್ಲಿ ಸಹಿ ಹಾಕಿದಾಗಲೂ, ಫುಟ್‌ಬಾಲ್ ಕೈಕೊಟ್ಟರೆ ಇರಲಿ ಅಂತ ಬಡಗಿ ಕೆಲಸ ಕಲಿಯೋಕೆ ಸೇರಿಕೊಂಡಿದ್ದ. ದೀಪ ಇಲ್ಲದ ಸೈಕಲ್ ಓಡಿಸಿ ಪೊಲೀಸರ ಕೈಗೆ ಸಿಕ್ಕಿಬಿದ್ದಾಗ ಐದು ಶಿಲಿಂಗ್ ದಂಡ, ಮೇಲೆ ಕ್ಲಬ್ಬಿನಿಂದ ಎರಡು ವಾರದ ಸಂಬಳ ಕಟ್. ಸಂಬಳ ತಾನೇ ಎಷ್ಟು? ಕೊನೆಯಲ್ಲೂ ವಾರಕ್ಕೆ 15 ಪೌಂಡ್, ಬೇಸಿಗೆಯಲ್ಲಿ 12. "ಪ್ರೀಮಿಯರ್ ಲೀಗ್‌ನಲ್ಲಿ ಇವತ್ತು..." ಅಂತ ಹುಡುಗ ಲೆಕ್ಕ ಹಾಕೋಕೆ ಹೋಗಿ ಬಿಟ್ಟುಬಿಟ್ಟ.

ಸೇಂಟ್ ಫ್ರಾನ್ಸಿಸ್ ಚರ್ಚಿನ ಬಾಗಿಲು ಹಾಕಿತ್ತು. ಮೊದಲೇ ಕೇಳಿಕೊಂಡು ಬರಬೇಕಿತ್ತು, ತಪ್ಪು ನಮ್ಮದೇ. ವಾಪಸ್ ಹೊರಡೋಣ ಅನ್ನುವಷ್ಟರಲ್ಲಿ ಬಕೆಟ್ ಹಿಡಿದ ಒಬ್ಬ ಅಜ್ಜಿ ಬಂದರು. ನನ್ನ ಮುಖ ನೋಡಿ, ಹುಡುಗನ ಕೆಂಪು ಜರ್ಸಿ ನೋಡಿ, "ಡಂಕನ್?" ಅಂತ ಒಂದೇ ಮಾತು ಕೇಳಿ ಬೀಗ ತೆಗೆದರು.

ಬಣ್ಣದ ಗಾಜಿನ ಎರಡು ಕಿಟಕಿ. ಒಂದರಲ್ಲಿ ಡಂಕನ್ ಒಂದು ಮೊಣಕಾಲೂರಿ ಕೂತಿದ್ದಾನೆ. ಮೈಮೇಲೆ ಹಾದ ಪಟ್ಟಿಯಲ್ಲಿ 'ನಮ್ಮ ನಾಯಕನಾಗಿ ದೇವರು ನಮ್ಮೊಂದಿಗಿದ್ದಾನೆ' ಎಂಬ ಅರ್ಥದ ಮಾತು. ಸಂತರು ಇರಬೇಕಾದ ಜಾಗದಲ್ಲಿ ಚಡ್ಡಿ ಹಾಕಿದ ಆಟಗಾರ! 1961ರಲ್ಲಿ ಯುನೈಟೆಡ್ ಮ್ಯಾನೇಜರ್ ಮ್ಯಾಟ್ ಬಸ್ಬಿ ಬಂದು ಅನಾವರಣ ಮಾಡಿದ್ದರು. ಮೋಡ ಸರಿದಾಗ ಬಣ್ಣ ನೆಲದ ಮೇಲೆ ಬಿತ್ತು. ಅಜ್ಜಿ ಅದರ ಮೇಲೇ ಒರೆಸುತ್ತಾ ಹೋದರು. ಅವರಿಗೆ ಅದು ದಿನಾ ಇದ್ದದ್ದೇ.

ಮ್ಯೂನಿಕ್ ಕತೆಯನ್ನು ಹುಡುಗನಿಗೆ ಅಲ್ಲೇ ಬೆಂಚಿನ ಮೇಲೆ ಕೂತು ಹೇಳಿದೆ. 1958ರ ಫೆಬ್ರವರಿ 5ರಂದು ಯುನೈಟೆಡ್ ಬೆಲ್‌ಗ್ರೇಡಿನಲ್ಲಿ ರೆಡ್ ಸ್ಟಾರ್ ಜೊತೆ 3-3 ಡ್ರಾ ಮಾಡಿ ಯುರೋಪಿಯನ್ ಕಪ್ ಸೆಮಿಫೈನಲ್ ತಲುಪಿತು. ಮಾರನೇ ದಿನ ಹಿಂದಿರುಗುವಾಗ ವಿಮಾನ ಇಂಧನಕ್ಕೆ ಮ್ಯೂನಿಕ್‌ನಲ್ಲಿ ಇಳಿಯಿತು. ಹಿಮ ಬೀಳ್ತಿತ್ತು. ಎರಡು ಸಲ ಮೇಲೇಳೋಕೆ ನೋಡಿ ನಿಲ್ಲಿಸಿದರು. ಇವತ್ತಿನ್ನು ಹೊರಡಲ್ಲ ಅಂದುಕೊಂಡ ಡಂಕನ್ ಮ್ಯಾಂಚೆಸ್ಟರಿನ ತನ್ನ ಮನೆಯೊಡತಿಗೆ ತಂತಿ ಕಳಿಸಿದ: ವಿಮಾನಗಳೆಲ್ಲ ರದ್ದು, ನಾಳೆ ಬರ್ತೀನಿ. ಆಮೇಲೆ ಮೂರನೇ ಪ್ರಯತ್ನ. ರನ್‌ವೇ ಮೇಲೆ ಅರೆಕರಗಿದ ಹಿಮದ ಕೆಸರು. ವಿಮಾನಕ್ಕೆ ವೇಗ ಸಾಲದೆ ಬೇಲಿ ಮುರಿದು ಆಚೆ ನುಗ್ಗಿತು. ಒಟ್ಟು 23 ಜನ ಹೋದರು, ಅವರಲ್ಲಿ ಎಂಟು ಆಟಗಾರರು.

ಡಂಕನ್ ತಕ್ಷಣ ಹೋಗಲಿಲ್ಲ. ಕಾಲು, ಪಕ್ಕೆಲುಬು ಮುರಿದಿದ್ದವು, ಮೂತ್ರಪಿಂಡ ಹಾಳಾಗಿದ್ದವು. ಕೃತಕ ಮೂತ್ರಪಿಂಡ ಯಂತ್ರ ತರಿಸಿದರು. ಹದಿನೈದು ದಿನ ಹೋರಾಡಿದ. ನೋಡೋಕೆ ಬಂದ ಸಹಾಯಕ ಮ್ಯಾನೇಜರ್ ಜಿಮ್ಮಿ ಮರ್ಫಿಯನ್ನು ಅವನು ಕೇಳಿದ್ದು, ವೂಲ್ವ್ಸ್ ಮೇಲಿನ ಮ್ಯಾಚ್ ಎಷ್ಟು ಗಂಟೆಗೆ ಅಂತ. ಅದನ್ನು ತಪ್ಪಿಸಿಕೊಳ್ಳೋ ಹಾಗಿಲ್ಲ ಅಂದನಂತೆ. ಅದೇ ಪಕ್ಕದೂರಿನ ವೂಲ್ವ್ಸ್. ಫೆಬ್ರವರಿ 21ರ ಬೆಳಗಿನ ಜಾವ ತೀರಿಕೊಂಡ. ಯುನೈಟೆಡ್ ಪರ 177 ಪಂದ್ಯ, ಇಂಗ್ಲೆಂಡ್ ಪರ 18. ಅವನ ಅಂತ್ಯಸಂಸ್ಕಾರ ನಡೆದದ್ದೂ ಇದೇ ಚರ್ಚಿನಲ್ಲಿ. ಬೀದಿಯ ಎರಡೂ ಕಡೆ ಸಾವಿರಾರು ಜನ ನಿಂತಿದ್ದರು.

ಸ್ಮಶಾನಕ್ಕೆ ನಡೆಯುವಾಗ ನನಗೆ ನಮ್ಮ ಕಂಠೀರವ ಸ್ಟೇಡಿಯಂ ನೆನಪಾಗ್ತಾ ಇತ್ತು. 2004ರ ಡಿಸೆಂಬರ್ 5, ಫೆಡರೇಷನ್ ಕಪ್ ಫೈನಲ್. ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಮೋಹನ್ ಬಗಾನ್ ಮೇಲೆ ಎರಡು ಗೋಲು ಹೊಡೆದು, ಎರಡನೆಯದರ ಹಿಂದೆಯೇ ಮೈದಾನದಲ್ಲಿ ಕುಸಿದ. 25 ವರ್ಷ. ಡೆಂಪೊ ಅವನ 10ನೇ ನಂಬರ್ ಜರ್ಸಿಯನ್ನು ನಿವೃತ್ತಿಗೊಳಿಸಿತು. ನಾನು ಆ ಸ್ಟೇಡಿಯಂ ಪಕ್ಕ ವಾರಕ್ಕೆರಡು ಸಲ ಹಾದುಹೋಗ್ತೀನಿ. ಟ್ರಾಫಿಕ್ಕಿಗೆ ಬೈದಷ್ಟು ಸಲ ಅವನನ್ನು ನೆನೆದಿಲ್ಲ. ಡಡ್ಲಿಯಲ್ಲಿ ಬಕೆಟ್ ಹಿಡಿದ ಅಜ್ಜಿಗೆ ಒಂದೇ ಹೆಸರು ಸಾಕಾಯ್ತು.

ಕ್ವೀನ್ಸ್ ಕ್ರಾಸ್ ಸ್ಮಶಾನದಲ್ಲಿ ಸಮಾಧಿ ಹುಡುಕೋದು ಕಷ್ಟವಾಗಲಿಲ್ಲ. ಕೆಂಪು ಬಿಳಿ ಮಫ್ಲರ್‌ಗಳು ದೂರದಿಂದಲೇ ಕಂಡವು. ಕಲ್ಲಿನ ಮೇಲೆ ಅವನ ಚಿತ್ರ, ಎರಡೂ ಕೈಯಲ್ಲಿ ಚೆಂಡನ್ನು ತಲೆ ಮೇಲೆ ಎತ್ತಿ ಥ್ರೋ ಮಾಡೋಕೆ ನಿಂತಿದ್ದಾನೆ. ಕೆಳಗಿನ ಸಾಲುಗಳಲ್ಲಿ, ವಿದಾಯ ಹೇಳದೆ ನಮ್ಮನ್ನೆಲ್ಲ ಬಿಟ್ಟುಹೋದ ಅನ್ನೋ ಮಾತಿದೆ. ಅವನ ತಂಗಿ ಕ್ಯಾರಲ್ ಆ್ಯನ್‌ಳನ್ನೂ ಅಲ್ಲೇ ಮಣ್ಣು ಮಾಡಿದ್ದು. 1947ರಲ್ಲಿ ಹದಿನಾಲ್ಕು ವಾರದ ಕೂಸಾಗಿದ್ದಾಗಲೇ ಹೋದವಳು. ಆ ತಾಯಿಗೆ ಇದ್ದದ್ದು ಇವೆರಡೇ.

ಅಪ್ಪನ ವಿಷಯ ನಾನು ಹುಡುಗನಿಗೆ ಇಲ್ಲಿಗಂತ ಉಳಿಸಿಟ್ಟಿದ್ದೆ. ಮಗ ಹೋದ ಮೇಲೆ ಗ್ಲ್ಯಾಡ್‌ಸ್ಟನ್ ಕಾರ್ಖಾನೆ ಬಿಟ್ಟು ಇದೇ ಸ್ಮಶಾನದಲ್ಲಿ ತೋಟದ ಕೆಲಸಕ್ಕೆ ಸೇರಿದರು. ಹುಲ್ಲು ಕತ್ತರಿಸೋದು, ಹೂಗಿಡ ನೋಡಿಕೊಳ್ಳೋದು. ಹುಡುಗ ಏನೂ ಹೇಳಲಿಲ್ಲ. ಸಮಾಧಿಯ ಮೇಲೆ ಚೆಂಡಿನ ಆಕಾರದ ಹೂದಾನಿ ಇತ್ತು. ಒಳಗೆ ಬಗ್ಗಿ ನೋಡಿದ. ಒಣಗಿತ್ತು.

"ಮಾವ, ಡಬ್ಬಿ ಕೊಡಿ."

ಮೂಲೆಯ ನಲ್ಲಿಯಲ್ಲಿ ಚಿತ್ರಾನ್ನದ ಡಬ್ಬಿ ತೊಳೆದು, ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದು ನೀರು ತಂದ. ಸರಿಯಾಗಿ ತೊಳೆದಿರಲಿಲ್ಲ. ಸುರಿಯುವಾಗ ಒಂದು ಸಾಸಿವೆ ಕಾಳು ನೀರಿನ ಜೊತೆಗೇ ಹೂದಾನಿಗೆ ಜಾರಿತು.